ಹೆಸರಲ್ಲಿ ಮಾತ್ರ ಚಂದನ

ರಕ್ತಚಂದನ ಅಂದರೆ ಕೆಂಪು ಬಣ್ಣದ ಶ್ರೀಗಂಧ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಮ್ಮೆ ಮೂಸಿ ನೋಡಿ. ಅದರಲ್ಲಿ ಗಂಧದ ಪರಿಮಳವೇ ಇಲ್ಲ, ಇರುವುದು ಬಣ್ಣ. ಅದು ಹೊನ್ನೆ ಮರದ ಹತ್ತಿರದ ನೆಂಟ. ಶ್ರೀಗಂಧವೋ, ಬಂದಳಿಕೆಯ ದೂರದ ನೆಂಟ! ಬಂದಳಿಕೆ ಕೊಂಬೆಗೆ ಅಂಟಿಕೊಳ್ಳುತ್ತದೆ. ಶ್ರೀಗಂಧ ಯಾರಿಗೂ ಕಾಣದಂತೆ ನೆಲದೊಳಗೆ ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಗುಲಿಸಿ ಸಾರ ಹೀರುತ್ತದೆ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲೂ ಇವು ಬೇರೆ ಬೇರೆ ಮೆಟ್ಟಿಲ ಮೇಲಿವೆ. ಶ್ರೀಗಂಧಕ್ಕೆ ಅಪಾಯವಿದೆ ಅನ್ನುತ್ತದೆ ಪಟ್ಟಿ. ರಕ್ತಚಂದನ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಳಿವಿನಂಚಿನಲ್ಲಿ. 2018ರಲ್ಲಿ ಅದನ್ನು ಸ್ವಲ್ಪ ಹಗುರವಾದ ಗುಂಪಿಗೆ ಹಾಕಿದ್ದರು. 2021ರಲ್ಲಿ ಮತ್ತೆ ಅಳಿವಿನಂಚಿಗೆ ಬಂತು.

ಎರಡಕ್ಕೂ ಒಂದೇ ಮದ್ದು ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. 'ಜಾಸ್ತಿ ಗಿಡ ನೆಡಿ, ಮುಗೀತು' ಅಂತಾರಲ್ಲ, ಅವರನ್ನು.

ಶ್ರೀಗಂಧವನ್ನು 1792ರಲ್ಲಿ ಟಿಪ್ಪು ರಾಜವೃಕ್ಷ ಅಂತ ಸಾರಿದ. ಆಮೇಲೆ ಬಹುಕಾಲ, ಮರ ರೈತನ ಬದುವಿನಲ್ಲಿ ಬೆಳೆದರೂ ಒಡೆತನ ಸರ್ಕಾರದ್ದೇ. ಹಣ್ಣು ತಿಂದ ಹಕ್ಕಿ ಬೀಜ ಉದುರಿಸಿ ಹೋಗುತ್ತದೆ, ಸಸಿ ಏಳುತ್ತದೆ. ಕಾಯುವ ಕೆಲಸ ರೈತನದು, ಕಳ್ಳರು ಬಂದರೆ ತಲೆನೋವೂ ಅವನದೇ, ದುಡ್ಡು ಮಾತ್ರ ಬೇರೆಯವರದು. ಸುಮ್ನೆ ಯಾಕೆ ಈ ರಗಳೆ ಅಂತ ಸಸಿಯಲ್ಲೇ ಕಿತ್ತುಹಾಕಿದರೆ ಅವನನ್ನು ಬೈಯುವುದು ಹೇಗೆ? ಕರ್ನಾಟಕ 2001ರಲ್ಲಿ ಕಾನೂನು ತಿದ್ದಿ, ಬೆಳೆದವನೇ ಒಡೆಯ ಅಂತ ಮಾಡಿತು. ಇಷ್ಟು ಸರಳ ವಿಷಯಕ್ಕೆ ಅಷ್ಟು ಕಾಲ ಬೇಕಾಯಿತು ನೋಡಿ. ಕಡಿಯಲು ಈಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಎಲೆ ಸಣ್ಣಗಾಗಿಸಿ ಮರವನ್ನೇ ಒಣಗಿಸುವ ಸ್ಪೈಕ್ ರೋಗಕ್ಕೆ ಖಚಿತ ಮದ್ದಿಲ್ಲ. ಆದರೂ ಶ್ರೀಗಂಧದ ಮಟ್ಟಿಗೆ ರೈತನ ಹೊಲವೇ ದೊಡ್ಡ ಆಸರೆ ಅಂತ ನನಗನಿಸುತ್ತದೆ.

ರಕ್ತಚಂದನದ ಕಥೆ ಹಾಗಲ್ಲ. ಆಂಧ್ರದ ಶೇಷಾಚಲ, ಕಡಪ ಸುತ್ತಿನ ಪೂರ್ವಘಟ್ಟದ ಒಣ ಕಾಡೇ ಅದರ ತವರು. ಅದರಾಚೆ ತಾನಾಗಿ ಬೆಳೆಯುವ ಜಾಗ ತೀರಾ ಕಡಿಮೆ. ಬೆಳೆಯುವುದೂ ಆಮೆ ನಡಿಗೆಯಲ್ಲಿ. ಚೀನಾದಲ್ಲಿ ಅದರ ಪೀಠೋಪಕರಣಕ್ಕೆ ಹುಚ್ಚು ಬೇಡಿಕೆ. ಹಾಗಾಗಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1995ರಿಂದ ಕಡಿವಾಣ ಇದ್ದರೂ ಕಳ್ಳಸಾಗಣೆ ನಿಂತಿಲ್ಲ. ತೋಟದಲ್ಲಿ ಬೆಳೆಯಬೇಡಿ ಅಂತ ಹೇಳುತ್ತಿಲ್ಲ, ಬೆಳೆಯಿರಿ. ಆದರೆ ಇವತ್ತು ನೆಟ್ಟ ಸಸಿಯಲ್ಲಿ ಕೆಂಪು ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಕಟ್ಟಲು ದಶಕಗಳೇ ಬೇಕು. ಕೊಡಲಿ ಅಷ್ಟು ದಿನ ಕಾಯುವುದಿಲ್ಲ, ಅಲ್ವಾ?