ಮುಚ್ಚಳದ ಅಳತೆ ಬೇಡ
ನಿಮ್ಮ ಲೇಖನದಲ್ಲಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಹುಲ್ಲು ಕೊಚ್ಚುವ ಯಂತ್ರಕ್ಕೆ ‘ಲೀಟರ್ ಪೆಟ್ರೋಲಿಗೆ ಒಂದು ಮುಚ್ಚಳ ಆಯಿಲ್’ ಎಂದಿದೆ. ದಯವಿಟ್ಟು ತಿದ್ದಿ. ಮುಚ್ಚಳದ ಗಾತ್ರ ಡಬ್ಬಿಗೊಂದು ತರ. ಕಂಪನಿ 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಹೇಳಿದ್ದರೆ ಲೀಟರಿಗೆ 20 ಮಿ.ಲೀ., 25:1 ಆದರೆ 40. ಮೆಡಿಕಲ್‌ನಲ್ಲಿ ಸಿಗುವ 20 ಮಿ.ಲೀ. ಸಿರಿಂಜಿನಲ್ಲಿ ಅಳೆದು, ಟ್ಯಾಂಕಿನಲ್ಲಲ್ಲ, ಹೊರಗೆ ಕ್ಯಾನಿನಲ್ಲೇ ಬೆರೆಸಿ ಕುಲುಕಿ.

ಆಯಿಲ್ ಕಡಿಮೆಯಾದರೆ ಪಿಸ್ಟನ್ನಿನಲ್ಲಿ ಉದ್ದುದ್ದ ಗೀರು ಬಿದ್ದು ಎಂಜಿನ್ ಜಾಮ್. ಹಾಗಂತ ‘ಇರಲಿ’ ಎಂದು ಜಾಸ್ತಿ ಸುರಿದರೆ ಪ್ಲಗ್ ಕಪ್ಪಾಗಿ ಒದ್ದೆ, ಸೈಲೆನ್ಸರ್ ಜಾಲರಿಗೆ ಮಸಿ ಕಟ್ಟಿ ಎಳೆತವೇ ಇರುವುದಿಲ್ಲ.

ಬೈಕಿನ 20ಡಬ್ಲ್ಯೂ-40 ಎಂಜಿನ್ ಆಯಿಲ್ ಬೇಡವೇ ಬೇಡ, ಅದು ಉರಿದು ಬೂದಿ ಉಳಿಸುತ್ತದೆ. ಡಬ್ಬಿಯ ಮೇಲೆ ಟೂ-ಸ್ಟ್ರೋಕ್ ಆಯಿಲ್ ಗುಣಮಟ್ಟದ ಜಪಾನಿ ಗುರುತು ಜಾಸೋ ಎಫ್‌ಡಿ ಇರಲಿ. ಮಲ್ಪೆ ಕಡೆ ದೋಣಿಯ ಔಟ್‌ಬೋರ್ಡಿಗೆ ಹಾಕುವ ಟಿಸಿ-ಡಬ್ಲ್ಯೂ3 ಆಯಿಲ್ ನೀರಿನಿಂದ ತಣಿಯುವ ಎಂಜಿನ್ನಿನದು. ಗಾಳಿಯಲ್ಲಿ ತಣಿಯುವ ಈ ಯಂತ್ರದ ಬಿಸಿಗೆ ಅದಲ್ಲ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಈಗಿನ ಪೆಟ್ರೋಲಿನ ಎಥನಾಲ್ ತೇವ ಹೀರುತ್ತದೆ, ತೇವ ಹೆಚ್ಚಾದರೆ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ. ಬೇಕಾದಷ್ಟೇ ಬೆರೆಸಿ, ಕ್ಯಾನ್ ಬಿಗಿಯಾಗಿ ಮುಚ್ಚಿ, ಎರಡು ಮೂರು ವಾರದಲ್ಲಿ ಮುಗಿಸಿ. ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬೊರೇಟರ್ ಕಟ್ಟಿಕೊಳ್ಳುವುದಿಲ್ಲ.