ಆಡು ಮುಟ್ಟದ ಸೊಪ್ಪಿನ ಸಿರಪ್ಪು

ಧನುರ್ಮಾಸದ ಚಳಿ ಬಿತ್ತು ಅಂದರೆ ಮಲೆನಾಡಿನ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಕೆಮ್ಮುತ್ತಿರುತ್ತಾರೆ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಚುರುಕು ಬಿಸಿಲು, ಸಾಲದ್ದಕ್ಕೆ ಅಡಿಕೆ ಬೇಯಿಸುವ ಒಲೆಯ ಹೊಗೆ. ಗಂಟಲಾದರೂ ಎಷ್ಟಂತ ತಡೆದೀತು? ಆಗ ಮನೆಯಲ್ಲಿ ಯಾರಾದರೂ ಬೇಲಿಯ ಕಡೆ ಹೊರಡುತ್ತಾರೆ, ಆಡುಸೋಗೆ ಕೊಯ್ಯಲು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ವಾ, ಆ ಗಾದೆಗೇ ಸಡ್ಡು ಹೊಡೆದು ನಿಂತ ಗಿಡ ಇದು. ಅಷ್ಟು ಕಹಿ. ದನವೂ ಬಾಯಿ ಹಾಕುವುದಿಲ್ಲ, ಅದಕ್ಕೇ ಬೇಲಿಗೆ ನೆಡುತ್ತಾರೆ. ಕೊಂಬೆ ಮುರಿದು ಚುಚ್ಚಿದರೆ ಸಾಕು, ಚಿಗುರುತ್ತದೆ. ದನ ಬೇಡವೆಂದದ್ದನ್ನು ಮನುಷ್ಯರಿಗೆ ಕುಡಿಸಬೇಕಾದರೆ ಬೆಲ್ಲ ಬೇಕು, ಅದೂ ಜಾಸ್ತಿ.

ಹಸಿ ಎಲೆ ಸುಮ್ನೆ ಜಜ್ಜಿದರೆ ರಸ ಬಿಡುವುದಿಲ್ಲ. ಬಾಳೆಲೆಯಲ್ಲಿ ಸುತ್ತಿ ಬಿಸಿ ಬೂದಿಯಲ್ಲಿ ಹೂತಿಡಬೇಕು. ಬಾಡಿ ಮೆತ್ತಗಾದ ಮೇಲೆ ಹಿಂಡಿದರೆ ಕಡುಹಸಿರು ರಸ ಇಳಿಯುತ್ತದೆ. (ಗ್ಯಾಸ್ ಒಲೆಯವರು ಇಡ್ಲಿ ಪಾತ್ರೆಯಲ್ಲಿ ಹಬೆ ಕೊಡಿ, ಪಾಪವೇನೂ ಬರುವುದಿಲ್ಲ.) ರಸದ ಎರಡು ಪಾಲು ಬೆಲ್ಲ, ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸು. ಎಳೆ ಪಾಕ ಬರುವವರೆಗೆ ಕಾಯಿಸಿ ಸೋಸುವುದು. ಜೇನು ಬೇಕೆನ್ನುವವರು ಆರಿದ ಮೇಲೆ ಹಾಕಿಕೊಳ್ಳುತ್ತಾರೆ. ಬೆಲ್ಲದಲ್ಲಿ ಮಾತ್ರ ಜಿಪುಣತನ ಕೂಡದು. ಸಿಹಿ ಕಡಿಮೆಯಾದರೆ ಕೆಲವೇ ದಿನಕ್ಕೆ ನೊರೆ ಎದ್ದು ಹುಳಿ ವಾಸನೆ ಬರುತ್ತದೆ. ಔಷಧ ತಯಾರಿಸುವವರು ಬಳಸುವ ಸಾದಾ ಸಿರಪ್ಪಿನಲ್ಲೂ ತೂಕಕ್ಕೆ ಶೇ. 66.7ರಷ್ಟು ಸಕ್ಕರೆಯೇ. ಅಷ್ಟು ಸಿಹಿಯೊಳಗೆ ಬಿದ್ದ ಸೂಕ್ಷ್ಮಜೀವಿಗೆ ಕುಡಿಯಲು ನೀರೇ ದಕ್ಕುವುದಿಲ್ಲ.

ಅಂಗಡಿ ಸಿರಪ್ಪಿಗೂ ಬೇಲಿಗೂ ಇನ್ನೊಂದು ನಂಟಿದೆ. ಆಡುಸೋಗೆಯಲ್ಲಿರುವ ವಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ತಯಾರಾದದ್ದು. ಈಗ ಚೀಟಿಯಲ್ಲಿ ಪದೇ ಪದೇ ಕಾಣುವ ಆಂಬ್ರಾಕ್ಸಾಲ್ ಅದರ ಕವಲು. ಇದನ್ನು ಕೇಳಿ ನಮ್ಮ ಅಜ್ಜಿಯಂದಿರು ಸ್ವಲ್ಪ ಜಂಬಪಟ್ಟರೆ ನನ್ನ ತಕರಾರಿಲ್ಲ. ಆದರೆ ಬಸುರಿಯರಿಗೆ ಇದನ್ನು ಕೊಡಬಾರದು, ಗರ್ಭಕೋಶವನ್ನು ಹಿಂಡುವ ಗುಣ ಇದಕ್ಕಿದೆ. "ಸೊಪ್ಪು ತಾನೇ, ಏನಾಗುತ್ತೆ" ಅನ್ನುವವರ ಕೈಗೆ ಬಾಟಲಿ ಕೊಡದಿರುವುದೇ ವಾಸಿ.

ಚಳಿಗಾಲಕ್ಕೆ ಇನ್ನೊಂದು ಬಾಟಲಿಯೂ ಇರುತ್ತದೆ, ಬೆಟ್ಟದ ನೆಲ್ಲಿಕಾಯಿಯದ್ದು. ತುಳಸಿ ಮದುವೆಗೆ ಕಾಯಿ ಸಮೇತ ಟೊಂಗೆ ತರಲು ಹೋದವರು ದಾರಿಯಲ್ಲಿ ಚೀಲವನ್ನೂ ತುಂಬಿಸಿಕೊಂಡು ಬಂದಿರುತ್ತಾರೆ. ಬೇಯಿಸಿ, ಬೀಜ ತೆಗೆದು, ರುಬ್ಬಿ ಸೋಸಿ ಬೆಲ್ಲ ಹಾಕಿದರೆ ಆಯಿತು. ಇದನ್ನು ಕುಡಿಯಲು ಕೆಮ್ಮೇ ಬರಬೇಕೆಂದಿಲ್ಲ, ನೆಂಟರು ಬಂದರೂ ಸಾಕು. ಹಾಗಾಗಿ ನೆಲ್ಲಿ ಬಾಟಲಿ ಸಂಕ್ರಾಂತಿಗೇ ಖಾಲಿ. ಆಡುಸೋಗೆಯದ್ದು ಯುಗಾದಿಗೂ ಮುಕ್ಕಾಲು ಉಳಿದಿರುತ್ತದೆ.