ಕೋಳಿ ಕುಕ್ಕಿದರೆ ಏಳಕ್ಷರ, ನಮಗೆ ಬರೀ ‘ಇತರೆ’

ಬೆಳಗಿನ ಪತ್ರಿಕೆಯೊಳಗಿಂದ ಮತ್ತೆ ಆ ಕರಪತ್ರವೇ ಜಾರಿ ಬಿತ್ತು: ಮೂರೇ ತಿಂಗಳಲ್ಲಿ ಮೆಡಿಕಲ್ ಕೋಡರ್ ಆಗಿ, ಕೆಲಸ ಖಚಿತ. ನರ್ಸಿಂಗ್, ಬಿ.ಫಾರ್ಮಾ ಮುಗಿಸಿ ಶಿರಾ, ಮಧುಗಿರಿ, ಪಾವಗಡಗಳಿಂದ ತುಮಕೂರಿಗೆ ಬಂದ ಮಕ್ಕಳು ಅಲ್ಲಿ ಕಲಿಯುವುದೇನೆಂಬುದು ತಮಗೆ ತಿಳಿದೇ ಇದೆ: ಅಮೆರಿಕದ ರೋಗಿಯ ಕಡತವನ್ನು ಓದಿ, ಅಲ್ಲಿನ ವಿಮಾ ಕಂಪನಿ ತಕರಾರಿಲ್ಲದೆ ಹಣ ಕೊಡುವಂತೆ ಅದನ್ನು ಸಂಕೇತಗಳಿಗೆ ಇಳಿಸುವುದು.

2015ರ ಅಕ್ಟೋಬರ್ 1ರಿಂದ ಆ ದೇಶ ಬಳಸುತ್ತಿರುವ ಐಸಿಡಿ-10 ಎಂಬ ರೋಗ-ಗಾಯಗಳ ಪಟ್ಟಿಯಲ್ಲಿ ಸುಮಾರು 70,000 ಸಂಕೇತಗಳಿವೆ. ಕೋಳಿ ಕುಕ್ಕಿಸಿಕೊಂಡು ಬಂದವನಿಗೆ ಡಬ್ಲ್ಯೂ61.33ಎಕ್ಸ್‌ಎ. ಕೊನೆಯ ‘ಎ’ ಎಂದರೆ ಗಾಯಕ್ಕೆ ಚಿಕಿತ್ಸೆ ನಡೆಯುತ್ತಿದೆ ಎಂದರ್ಥ. ವಾಸಿಯಾಗುತ್ತಿರುವಾಗ ಮತ್ತೆ ತೋರಿಸಲು ಬಂದರೆ ಅದು ‘ಡಿ’ ಆಗಬೇಕು. ಜೆಟ್ ಎಂಜಿನ್ನಿನೊಳಕ್ಕೆ ಎಳೆದುಕೊಂಡು ಹೋದವನಿಗೂ ‘ಡಿ’ ಇದೆ. ಆ ಆಶಾವಾದಕ್ಕೆ ಕೈಮುಗಿಯಬೇಕು. ಅತ್ತೆ-ಮಾವಂದಿರೊಡನೆ ಹೊಂದಿಕೆಯಾಗದಿದ್ದರೆ ಝಡ್63.1. ಇದು ನಮ್ಮಲ್ಲಿ ಜಾರಿಯಾದರೆ ಕೋಡರುಗಳಿಗೆ ಆಷಾಢದಲ್ಲಿ ಮಾತ್ರ ಬಿಡುವು ಸಿಕ್ಕೀತು. ಕೆ00.3 ಎಂದರೆ ಕಲೆಗಟ್ಟಿದ ಹಲ್ಲು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ಪಾವಗಡದ ಮಕ್ಕಳಿಗೆ ಅದನ್ನು ಕಲಿಸಲು ಪುಸ್ತಕ ಬೇಡ, ಕನ್ನಡಿ ಸಾಕು.

ಮೇಷ್ಟರು ಮೊದಲ ದಿನವೇ ಹೇಳಿಕೊಡುವ ಸೂತ್ರ ನನಗೆ ಬಹಳ ಹಿಡಿಸಿತು: ಕಡತದಲ್ಲಿ ಬರೆಯದಿದ್ದದ್ದು ನಡೆದೇ ಇಲ್ಲ. ಸಮಯದ ಲೆಕ್ಕದಲ್ಲಿ ಹಳೆಯ ರೋಗಿಯನ್ನು ವೈದ್ಯರು 20 ನಿಮಿಷ ನೋಡಿದ್ದರೆ ಆ ಭೇಟಿಯ ಬಿಲ್ಲಿಗೆ ಹಾಕುವ ಸಂಕೇತ 99213. ಅದಕ್ಕೆ 40 ನಿಮಿಷದ 99215 ಹಾಕಿಬಿಟ್ಟರೆ ವಂಚನೆ. ಎಂಥ ಧರ್ಮಸೂಕ್ಷ್ಮ!

ಕಳೆದ ತಿಂಗಳು ನಮ್ಮ ಚಿಕ್ಕಪ್ಪನವರನ್ನು ಎರಡು ದಿನ ಮಲಗಿಸಿಕೊಂಡಿದ್ದ ಆಸ್ಪತ್ರೆಯೊಂದರ ಬಿಲ್ಲಿನಲ್ಲಿ ‘ಇತರೆ: 6,800’ ಎಂದಿತ್ತು. ಇತರೆ ಎಂದರೇನೆಂದು ಕೌಂಟರಿನಲ್ಲಿ ಕೇಳಿದರೆ, ‘ಎಲ್ಲಾ ಸೇರಿ ಸಾರ್’ ಎಂಬ ಉತ್ತರ ಬಂತು. ಯಾವ ಎಲ್ಲಾ? ಹಾಸಿಗೆ, ಔಷಧಿ, ಕೈಗವಸು, ವೈದ್ಯರ ಭೇಟಿ ಎಲ್ಲವೂ ಮೇಲಿನ ಸಾಲುಗಳಲ್ಲಿ ಬೇರೆ ಬೇರೆಯಾಗಿಯೇ ಇದ್ದವು. ಕಡಲೆಕಾಯಿ ಮಾರಿದ ದುಡ್ಡನ್ನು ಎರಡು ಸಲ ಎಣಿಸಿ ಕೊಡುವ ಮನುಷ್ಯನಿಗೆ ಅದು ಯಾವ ಬಾಬ್ತು ಎಂದು ಬರೆದುಕೊಡಲು 70,000 ಸಂಕೇತಗಳು ಬೇಕಿಲ್ಲ, ಒಂದು ಪೆನ್ನು ಸಾಕು. ಕೇಳಿದರೆ ಜಗಳಗಂಟರೆಂಬ ಹೆಸರು. ಕೇಳದಿದ್ದರೆ ಮುಂದಿನ ಸಲ ‘ಇತರೆ’ ಇನ್ನಷ್ಟು ದಪ್ಪ. ನನಗೆ ಸಾಕಾಗಿದೆ.

ಚಿಕ್ಕಪ್ಪ ನನ್ನ ತೋಳು ಹಿಡಿದೆಳೆದರು, ಹಣ ಕಟ್ಟಿದೆ. ಕೌಂಟರಿನ ಹುಡುಗ ಸಂಜೆ ಕೋಡಿಂಗ್ ತರಗತಿಗೆ ಹೋಗುತ್ತಾನಂತೆ. ಕೋಳಿಯ ‘ಎ’ಗೂ ‘ಡಿ’ಗೂ ಇರುವ ವ್ಯತ್ಯಾಸವನ್ನು ನನಗೆ ಬಿಡಿಸಿ ಹೇಳಿದವನು ಅವನೇ.